ಬೆಂಬಲ ಇದೆ, ನೀತಿ ಯಾಕೆ ಬದಲಾಗಲ್ಲ? ಪ್ಯಾಲೆಸ್ಟೀನ್ ಪರ ಜನಾಭಿಪ್ರಾಯವನ್ನು ಸರ್ಕಾರದ ನಿರ್ಧಾರವಾಗಿಸುವ ಬಗೆ

2025ರ ಜುಲೈ ಕೊನೆಯಲ್ಲಿ ಅಮೆರಿಕದಲ್ಲಿ ಒಂದೇ ವಾರ ಎರಡು ಅಂಕಿಗಳು ಹೊರಬಿದ್ದವು. ಗಾಜಾದಲ್ಲಿ ಇಸ್ರೇಲ್ ನಡೆಸುತ್ತಿರುವ ಸೇನಾ ಕಾರ್ಯಾಚರಣೆ ಸರಿಯಲ್ಲ ಎಂದವರು ಗ್ಯಾಲಪ್ ಸಮೀಕ್ಷೆಯಲ್ಲಿ ಶೇ 60. ಸರಿ ಎಂದವರು ಶೇ 32. ಅದೇ ವಾರ ಇಸ್ರೇಲ್‌ಗೆ ರೈಫಲ್ ಮಾರುವುದನ್ನು ತಡೆಯುವ ನಿರ್ಣಯ ಸೆನೆಟ್‌ನಲ್ಲಿ ಮತಕ್ಕೆ ಬಂತು. ಪರ 27, ವಿರುದ್ಧ 70.

ಇಟಲಿಯಲ್ಲಿ ಇನ್ನೂ ವಿಚಿತ್ರ. 2025ರ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಗಾಜಾ ಹೆಸರಲ್ಲಿ ಸಾರ್ವತ್ರಿಕ ಮುಷ್ಕರಗಳೇ ನಡೆದವು. ಲಕ್ಷಗಟ್ಟಲೆ ಜನ ಬೀದಿಗಿಳಿದರು. ಬಂದರು, ರೈಲು ನಿಂತವು. ಮೆಲೋನಿ ಸರ್ಕಾರದ ನಿಲುವು ಮಾತ್ರ ಹೆಚ್ಚೇನೂ ಕದಲಲಿಲ್ಲ.

ಅಂದರೆ ಬೆಂಬಲದ ಕೊರತೆ ಇಲ್ಲ. ಆ ಬೆಂಬಲ ಯಾರ ಮೇಜಿನ ಮೇಲೆ, ಯಾವ ಕಾಗದವಾಗಿ ಹೋಗಿ ಕೂರಬೇಕು ಅನ್ನೋದು ಬಹುತೇಕ ಚಳವಳಿಗಳಿಗೆ ಸ್ಪಷ್ಟ ಇಲ್ಲ. ಈ ಬರಹ ಅದರ ಬಗ್ಗೆ. ಪ್ಯಾಲೆಸ್ಟೀನ್ ಜನರ ಪರ ಮನಸ್ಸಿದ್ದು, ಮೆರವಣಿಗೆ ಆದಮೇಲೆ ಮುಂದೇನು ಅಂತ ಕೇಳುವವರಿಗೆ. ಲಂಡನ್, ಡಬ್ಲಿನ್, ನ್ಯೂಜೆರ್ಸಿ ಕಡೆಯ ಕನ್ನಡಿಗರಿಗೆ ಜಾಸ್ತಿ ಉಪಯೋಗಕ್ಕೆ ಬರಬಹುದು. ದೊಡ್ಡ ನಿರ್ಧಾರಗಳು ಅಲ್ಲೇ ಆಗುತ್ತವೆ ಅಲ್ವಾ? ಊರಲ್ಲಿರುವವರಿಗೂ ಒಂದು ಭಾಗ ಇದೆ.

ಹೆಜ್ಜೆ 1: ಸಹಿ ಯಾರದು ಅಂತ ಮೊದಲು ಹುಡುಕಿ

"ಪ್ಯಾಲೆಸ್ಟೀನ್‌ಗೆ ಸ್ವಾತಂತ್ರ್ಯ" ಅನ್ನುವುದು ಘೋಷಣೆ. ಅದಕ್ಕೆ ಯಾವ ಮಂತ್ರಿಯೂ ಸಹಿ ಹಾಕೋಕೆ ಆಗಲ್ಲ. ವಿದೇಶಾಂಗ ನೀತಿ ಅಂದರೆ ಕೊನೆಗೆ ಒಂದು ಕಡತ. ರಫ್ತು ಪರವಾನಗಿ, ಸುಂಕದ ಆದೇಶ, ವಿಶ್ವಸಂಸ್ಥೆಯಲ್ಲಿ ಹಾಕುವ ಒಂದು ಮತ, ಬಜೆಟ್ಟಿನ ಒಂದು ಸಾಲು. ಪ್ರತಿಯೊಂದಕ್ಕೂ ಒಂದು ಕುರ್ಚಿ ಇದೆ. ಆ ಕುರ್ಚಿ ದೇಶದಿಂದ ದೇಶಕ್ಕೆ ಬೇರೆ.

ಬ್ರಿಟನ್‌ನಲ್ಲಿ ಶಸ್ತ್ರಾಸ್ತ್ರ ರಫ್ತಿನ ಪರವಾನಗಿ ಕೊಡುವುದು ವಾಣಿಜ್ಯ ಸಚಿವರು. ಸಲಹೆ ವಿದೇಶಾಂಗ ಸಚಿವಾಲಯದ್ದು. ಸಂಸತ್ತಿನಲ್ಲಿ ಮತ ಹಾಕಿಸುವ ಅಗತ್ಯವೇ ಇಲ್ಲ, ಇಬ್ಬರು ಸಚಿವರು ಮನಸ್ಸು ಮಾಡಿದರೆ ಸಾಕು. ಅಮೆರಿಕದಲ್ಲಿ ದೊಡ್ಡ ಮಾರಾಟವಾದರೆ ಸರ್ಕಾರ ಮೊದಲು ಕಾಂಗ್ರೆಸ್‌ಗೆ ತಿಳಿಸಬೇಕು. ಇಸ್ರೇಲ್ ವಿಚಾರದಲ್ಲಿ ಅದಕ್ಕೆ 15 ದಿನದ ಅವಧಿ. ಬೇಡ ಅನ್ನುವ ನಿರ್ಣಯವನ್ನು ಯಾವ ಸೆನೆಟರ್ ಬೇಕಾದರೂ ತಂದು ಮತಕ್ಕೆ ಹಾಕಿಸಬಹುದು. ಬರ್ನಿ ಸ್ಯಾಂಡರ್ಸ್ ಮತ್ತೆ ಮತ್ತೆ ಮಾಡುತ್ತಿರುವುದು ಇದನ್ನೇ.

ಯುರೋಪಿಯನ್ ಒಕ್ಕೂಟ ಇಸ್ರೇಲ್‌ಗೆ ಕೊಟ್ಟಿರುವ ವ್ಯಾಪಾರ ರಿಯಾಯಿತಿ ನಿಲ್ಲಿಸಬೇಕಾದರೆ ಲೆಕ್ಕವೇ ಬೇರೆ. 27ರಲ್ಲಿ 15 ದೇಶಗಳು ಒಪ್ಪಬೇಕು. ಅವುಗಳ ಜನಸಂಖ್ಯೆ ಒಕ್ಕೂಟದ ಶೇ 65 ದಾಟಬೇಕು. 2025ರ ಸೆಪ್ಟೆಂಬರ್‌ನಲ್ಲಿ ಯುರೋಪಿಯನ್ ಕಮಿಷನ್ ಈ ಪ್ರಸ್ತಾಪ ಇಟ್ಟಾಗ ತಡೆದದ್ದು ಈ ಶೇ 65. ಜರ್ಮನಿ, ಇಟಲಿ ಒಪ್ಪದೆ ಅದು ದಾಟಲ್ಲ. ಹಾಗಾಗಿ ಡಬ್ಲಿನ್‌ನಲ್ಲಿ ಈ ಬೇಡಿಕೆ ಇಟ್ಟು ಕೂಗಿದರೆ ಸರ್ಕಾರ ತಲೆಯಾಡಿಸುತ್ತದೆ, ಅಷ್ಟೇ. ಅದು ಮೊದಲೇ ಒಪ್ಪಿದೆ. ಕೂಗಬೇಕಾದ್ದು ಬರ್ಲಿನ್ ಮತ್ತು ರೋಮ್‌ನಲ್ಲಿ.

ಕೂತು ನಾಲ್ಕು ಸಾಲು ಬರೆಯಿರಿ. ಯಾವ ನಿರ್ಧಾರ, ಯಾರ ಸಹಿ, ಯಾವಾಗ, ಆ ವ್ಯಕ್ತಿ ಯಾರ ಮಾತಿಗೆ ಕಿವಿಗೊಡುತ್ತಾರೆ. ನಾಲ್ಕನೇ ಸಾಲು ತುಂಬೋಕೆ ಆಗದಿದ್ದರೆ ಪೋಸ್ಟರ್ ಪ್ರಿಂಟ್ ಹಾಕಿಸುವ ಕೆಲಸ ಸದ್ಯಕ್ಕೆ ಬೇಡ.

ಹೆಜ್ಜೆ 2: ಬೇಡಿಕೆ ಒಂದೇ ಇರಲಿ, ಸಣ್ಣದಿರಲಿ

ಇದನ್ನು ಐರ್ಲೆಂಡ್‌ನಷ್ಟು ಚೆನ್ನಾಗಿ ಕಲಿಸಿದ ದೇಶ ಇನ್ನೊಂದಿಲ್ಲ. ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

1984ರ ಜುಲೈ 19. ಡಬ್ಲಿನ್‌ನ ಹೆನ್ರಿ ಸ್ಟ್ರೀಟ್. ಡನ್ಸ್ ಸ್ಟೋರ್ಸ್ ಎಂಬ ಅಂಗಡಿಯ ಬಿಲ್ಲಿಂಗ್ ಕೌಂಟರಿನಲ್ಲಿ ಮೇರಿ ಮ್ಯಾನಿಂಗ್ ಕೂತಿದ್ದಳು. ವಯಸ್ಸು 21. ಗಿರಾಕಿಯೊಬ್ಬರು ಎರಡು ಗ್ರೇಪ್‌ಫ್ರೂಟ್ ತಂದಿಟ್ಟರು, ನಮ್ಮ ಚಕ್ಕೋತದ ಜಾತಿಯ ಹಣ್ಣು. ಬಂದಿದ್ದು ದಕ್ಷಿಣ ಆಫ್ರಿಕಾದಿಂದ. ಅಲ್ಲಿ ಆಗ ವರ್ಣಭೇದದ ಆಡಳಿತ. ಆ ದೇಶದ ಸರಕು ಮುಟ್ಟಬೇಡಿ ಅಂತ ಅವಳ ಯೂನಿಯನ್ ಹೇಳಿತ್ತು. ಅವಳು ಬಿಲ್ ಮಾಡಲ್ಲ ಅಂದಳು. ಕೆಲಸದಿಂದ ಅಮಾನತು ಮಾಡಿದರು. ಜೊತೆಯವರು ಕೆಲವರು ಎದ್ದು ಹೊರಗೆ ಬಂದರು. ಹೊರಗೆ ಬಂದವರು ಹತ್ತು ಚಿಲ್ಲರೆ ಮಂದಿ ಅಷ್ಟೇ, ಅದೂ ಹೆಚ್ಚಿನವರು ಎಳೆ ವಯಸ್ಸಿನ ಹುಡುಗಿಯರು. ಮುಷ್ಕರ ಎರಡೂಮುಕ್ಕಾಲು ವರ್ಷ ನಡೆಯಿತು. 1987ರಲ್ಲಿ ಐರ್ಲೆಂಡ್ ಸರ್ಕಾರ ದಕ್ಷಿಣ ಆಫ್ರಿಕಾದ ಹಣ್ಣು ತರಕಾರಿ ಆಮದನ್ನು ನಿಷೇಧಿಸಿತು.

ಅವರು ಕೇಳಿದ್ದನ್ನು ಗಮನಿಸಿ. ವರ್ಣಭೇದ ಕೊನೆಗಾಣಿಸಿ ಅಂತ ಅಂಗಡಿ ಮಾಲೀಕರನ್ನು ಕೇಳಲಿಲ್ಲ. ಈ ಹಣ್ಣನ್ನು ನಮ್ಮ ಕೈಯಲ್ಲಿ ಮಾರಿಸಬೇಡಿ ಅಂದರು. ಹೌದು ಅಥವಾ ಇಲ್ಲ ಅನ್ನಲೇಬೇಕಾದ ಪ್ರಶ್ನೆ.

ಅದೇ ಊರಿನಲ್ಲಿ 2018ರಲ್ಲಿ ಫ್ರಾನ್ಸಿಸ್ ಬ್ಲ್ಯಾಕ್ ಎಂಬ ಪಕ್ಷೇತರ ಸೆನೆಟರ್ ಆಕ್ರಮಿತ ಪ್ರದೇಶಗಳ ಮಸೂದೆ ತಂದರು. ಆಕೆ ಮೂಲತಃ ಗಾಯಕಿ. ಮಸೂದೆಯ ತಿರುಳು ಇಷ್ಟು: ವೆಸ್ಟ್ ಬ್ಯಾಂಕ್, ಪೂರ್ವ ಜೆರುಸಲೇಂನಂಥ ಆಕ್ರಮಿತ ಜಾಗಗಳಲ್ಲಿ ಇಸ್ರೇಲ್ ಕಟ್ಟಿರುವ ಅಕ್ರಮ ವಸಾಹತುಗಳ ಸರಕು, ಸೇವೆಗಳನ್ನು ಐರ್ಲೆಂಡ್ ಕೊಳ್ಳಬಾರದು. ಇಡೀ ಇಸ್ರೇಲ್ ಬಹಿಷ್ಕಾರ ಅಲ್ಲ. ಬರೀ ವಸಾಹತು. ಹೀಗೆ ಬರೆದದ್ದರಲ್ಲೇ ಜಾಣತನ ಇತ್ತು. ವಸಾಹತುಗಳು ಅಕ್ರಮ ಅನ್ನುವುದು ಐರ್ಲೆಂಡ್ ಸರ್ಕಾರದ್ದೇ ನಿಲುವು, ಯುರೋಪಿಯನ್ ಒಕ್ಕೂಟದ್ದೂ ಹೌದು. "ಅಕ್ರಮ ಅಂತ ನೀವೇ ಹೇಳ್ತೀರಿ, ಮತ್ತೆ ಅದರ ಖರ್ಜೂರ ಯಾಕೆ ತರಿಸ್ತೀರಿ?" ಎಂಬ ಪ್ರಶ್ನೆಗೆ ಮಂತ್ರಿಗಳ ಬಳಿ ಸರಿಯಾದ ಉತ್ತರ ಇರಲಿಲ್ಲ.

ಮೇಲ್ಮನೆ 2018ರಲ್ಲಿ ಒಪ್ಪಿತು. ಕೆಳಮನೆ 2019ರ ಜನವರಿಯಲ್ಲಿ 78–45 ಮತಗಳಿಂದ ಒಪ್ಪಿತು. ಅಲ್ಲಿಗೆ ಮಸೂದೆ ನಿಂತಿತು. ಸರ್ಕಾರಕ್ಕೆ ಖರ್ಚು ತರುವ ಮಸೂದೆ ಮುಂದೆ ಹೋಗಬೇಕಾದರೆ ಐರಿಷ್ ಸಂವಿಧಾನದ ಪ್ರಕಾರ ಸರ್ಕಾರದ್ದೇ ಒಪ್ಪಿಗೆ ಬೇಕು. ಸರ್ಕಾರ ಕೊಡಲಿಲ್ಲ. ವ್ಯಾಪಾರ ನೀತಿ ಬ್ರಸೆಲ್ಸ್ ಕೈಯಲ್ಲಿದೆ, ನಮ್ಮ ಕೈ ಕಟ್ಟಿದೆ ಅಂತ ಕಾರಣ ಕೊಟ್ಟಿತು. ಐದು ವರ್ಷ ಮಸೂದೆ ಕಪಾಟಿನಲ್ಲೇ ಕೂತಿತ್ತು.

2024ರ ಜುಲೈ 19ರಂದು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ ತನ್ನ ಅಭಿಪ್ರಾಯ ಕೊಟ್ಟಿತು. ಪ್ಯಾಲೆಸ್ಟೀನ್ ನೆಲವನ್ನು ಇಸ್ರೇಲ್ ಆಕ್ರಮಿಸಿಕೊಂಡು ಕೂತಿರುವುದು ಕಾನೂನುಬಾಹಿರ, ಅದು ಮುಂದುವರಿಯಲು ನೆರವಾಗುವ ವ್ಯಾಪಾರವನ್ನು ದೇಶಗಳು ತಡೆಯಬೇಕು ಎಂದಿತು. ಸರ್ಕಾರದ ನೆಪ ಒಂದೇ ದಿನದಲ್ಲಿ ತೆಳುವಾಯಿತು. 2025ರ ಜೂನ್‌ನಲ್ಲಿ ಸರ್ಕಾರ ತನ್ನದೇ ಕರಡು ತಂದಿತು. ಅದರಲ್ಲಿ ಸರಕು ಇದೆ, ಸೇವೆಗಳಿಲ್ಲ. ಜಗಳ ಅಲ್ಲಿಗೆ ಬಂದು ನಿಂತಿತು. ಅಷ್ಟರಲ್ಲಿ ಸ್ಲೊವೇನಿಯಾ ಆಗಸ್ಟ್‌ನಲ್ಲಿ ವಸಾಹತುಗಳ ಸರಕಿನ ಆಮದು ನಿಷೇಧಿಸಿಯೇ ಬಿಟ್ಟಿತು. ಒಕ್ಕೂಟದಲ್ಲಿದ್ದುಕೊಂಡು ಆಗಲ್ಲ ಎಂಬ ವಾದಕ್ಕೆ ಅದಕ್ಕಿಂತ ಉತ್ತರ ಬೇಕಾ?

ಇದರಲ್ಲಿ ನಿಮಗೆ ಬೇಕಾದ್ದು ಎರಡು. ಎದುರಾಳಿ ಈಗಾಗಲೇ ಒಪ್ಪಿಕೊಂಡಿರುವ ಮಾತಿನಿಂದಲೇ ಬೇಡಿಕೆ ಕಟ್ಟಿ. ಮತ್ತೆ, ಕರಡು ಬರೆದು ಸಿದ್ಧ ಇಟ್ಟಿರಿ. ಹೇಗ್‌ನಿಂದ ಸುದ್ದಿ ಬಂದ ದಿನ ಐರಿಷ್ ಹೋರಾಟಗಾರರು ಸಭೆ ಕರೆದು ಏನು ಕೇಳೋಣ ಅಂತ ಯೋಚಿಸಬೇಕಾಗಿರಲಿಲ್ಲ.

ಹೆಜ್ಜೆ 3: ಆ ದೇಶದ ಕಾನೂನಿನಲ್ಲೇ ಒಂದು ಪದ ಹಿಡಿಯಿರಿ

ಬ್ರಿಟನ್‌ನ ರಫ್ತು ನಿಯಮದಲ್ಲಿ "ಸ್ಪಷ್ಟ ಅಪಾಯ" ಎಂಬ ಮಾತಿದೆ. ಮಾರಿದ ಆಯುಧವನ್ನು ಅಂತರರಾಷ್ಟ್ರೀಯ ಮಾನವೀಯ ಕಾನೂನಿನ ಗಂಭೀರ ಉಲ್ಲಂಘನೆಗೆ ಬಳಸುವ ಸ್ಪಷ್ಟ ಅಪಾಯ ಇದ್ದರೆ ಪರವಾನಗಿ ಕೊಡಬಾರದು. ಉಲ್ಲಂಘನೆ ಆಗಿದೆ ಅಂತ ಸಾಬೀತು ಮಾಡಬೇಕಿಲ್ಲ, ಅಪಾಯ ತೋರಿಸಿದರೆ ಸಾಕು. ಹೋರಾಟಗಾರರೂ ವಕೀಲರೂ ತಿಂಗಳುಗಟ್ಟಲೆ ಈ ಒಂದು ಮಾತಿಗೇ ಜೋತುಬಿದ್ದರು. 2024ರ ಸೆಪ್ಟೆಂಬರ್ 2ರಂದು ವಿದೇಶಾಂಗ ಸಚಿವ ಡೇವಿಡ್ ಲ್ಯಾಮಿ ಸಂಸತ್ತಿನಲ್ಲಿ ನಿಂತು, ಸುಮಾರು 350 ಪರವಾನಗಿಗಳಲ್ಲಿ 30ರಷ್ಟನ್ನು ಅಮಾನತು ಮಾಡುತ್ತೇವೆ ಎಂದರು. ಕಾರಣ ಅದೇ ಸ್ಪಷ್ಟ ಅಪಾಯ. ಎಫ್-35 ಯುದ್ಧವಿಮಾನದ ಬಿಡಿಭಾಗಗಳನ್ನು ಮಾತ್ರ ಈ ಅಮಾನತಿನಿಂದ ಹೊರಗಿಟ್ಟರು. ಅದೇ ದೊಡ್ಡ ಬಾಬ್ತು ಅನ್ನುವುದು ಬೇರೆ ಮಾತು.

ಕೋರ್ಟಿಗೆ ಹೋದರೆ ಆಯ್ತಲ್ಲ ಅಂತ ಕೆಲವರು ಅಂದುಕೊಳ್ಳುತ್ತಾರೆ. ಆ ಎಫ್-35 ವಿನಾಯಿತಿಯನ್ನು ಲಂಡನ್ ಹೈಕೋರ್ಟ್‌ನಲ್ಲಿ ಪ್ರಶ್ನಿಸಿದರು. 2025ರ ಜೂನ್‌ನಲ್ಲಿ ಕೋರ್ಟ್, ಇದು ಸರ್ಕಾರ ತೀರ್ಮಾನಿಸುವ ವಿಷಯ ಎಂದು ಕೈಬಿಟ್ಟಿತು. ಭಾರತದಿಂದ ಇಸ್ರೇಲ್‌ಗೆ ಶಸ್ತ್ರಾಸ್ತ್ರ ರಫ್ತು ನಿಲ್ಲಿಸಿ ಎಂಬ ಅರ್ಜಿಯನ್ನು 2024ರ ಸೆಪ್ಟೆಂಬರ್‌ನಲ್ಲಿ ನಮ್ಮ ಸುಪ್ರೀಂ ಕೋರ್ಟ್ ತಳ್ಳಿಹಾಕಿದ್ದೂ ಹೆಚ್ಚುಕಡಿಮೆ ಇದೇ ಕಾರಣಕ್ಕೆ. ನೆದರ್‌ಲ್ಯಾಂಡ್ಸ್‌ನಲ್ಲಿ ಮಾತ್ರ 2024ರ ಫೆಬ್ರುವರಿಯಲ್ಲಿ ಮೇಲ್ಮನವಿ ನ್ಯಾಯಾಲಯ ಎಫ್-35 ಬಿಡಿಭಾಗಗಳ ರಫ್ತನ್ನು ಏಳು ದಿನದೊಳಗೆ ನಿಲ್ಲಿಸಲು ಹೇಳಿತು. ಮುಂದೆ 2025ರ ಅಕ್ಟೋಬರ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ತೀರ್ಮಾನ ಸರ್ಕಾರದ್ದೇ, ಆದರೆ ಆರು ವಾರದಲ್ಲಿ ಮತ್ತೊಮ್ಮೆ ಪರಿಶೀಲಿಸಿ ಎಂದಿತು.

ಹಾಗಾಗಿ ಕೋರ್ಟ್ ಕೇಸನ್ನು ದಾಖಲೆ ಹೊರತರುವ ದಾರಿ ಅಂತ ನೋಡಿ. ಕೇಸ್ ನಡೆಯುವಾಗ ಸರ್ಕಾರ ಪ್ರಮಾಣಪತ್ರ ಸಲ್ಲಿಸಬೇಕಾಗುತ್ತದೆ. ಅದರಲ್ಲಿ ಬರುವ ಒಂದೊಂದು ಸಾಲೂ ಮುಂದಿನ ಸಂಸದರ ಭೇಟಿಗೆ ಸಾಮಗ್ರಿ.

ಹೆಜ್ಜೆ 4: ಕ್ಷೇತ್ರದಲ್ಲಿ ತಲೆ ಎಣಿಸಿ

ರಾಷ್ಟ್ರಮಟ್ಟದ ಸಮೀಕ್ಷೆ ತೋರಿಸಿದರೆ ಸಂಸದ ಆಕಳಿಸುತ್ತಾನೆ. ಅವನ ಕ್ಷೇತ್ರದ ಗೆಲುವಿನ ಅಂತರ ತೋರಿಸಿದರೆ ಎದ್ದು ಕೂರುತ್ತಾನೆ.

2023ರ ನವೆಂಬರ್‌ನಲ್ಲಿ ಬ್ರಿಟನ್ ಸಂಸತ್ತಿನಲ್ಲಿ ಕದನ ವಿರಾಮದ ಪ್ರಸ್ತಾಪ ಬಂದಾಗ ಲೇಬರ್ ನಾಯಕತ್ವ ಬೇಡ ಅಂದಿತು. ಆದರೂ 56 ಲೇಬರ್ ಸಂಸದರು ಪರವಾಗಿ ಮತ ಹಾಕಿದರು. ಮೂರು ತಿಂಗಳಲ್ಲಿ, 2024ರ ಫೆಬ್ರುವರಿಯಲ್ಲಿ, ಪಕ್ಷವೇ ತಕ್ಷಣದ ಮಾನವೀಯ ಕದನ ವಿರಾಮ ಬೇಕು ಎಂದಿತು. ಜುಲೈ ಚುನಾವಣೆಯಲ್ಲಿ ಲೇಬರ್ ಭರ್ಜರಿ ಬಹುಮತ ಪಡೆಯಿತು. ಆ ಅಲೆಯಲ್ಲೂ ಲೆಸ್ಟರ್ ಸೌತ್‌ನಲ್ಲಿ ಲೇಬರ್‌ನ ಜೊನಾಥನ್ ಆಶ್ವರ್ತ್ ಗಾಜಾ ವಿಚಾರ ಎತ್ತಿದ ಪಕ್ಷೇತರನ ಎದುರು 979 ಮತಗಳಿಂದ ಸೋತರು. ಇಲ್ಫರ್ಡ್ ನಾರ್ತ್‌ನಲ್ಲಿ ವೆಸ್ ಸ್ಟ್ರೀಟಿಂಗ್ ಬರೀ 528 ಮತಗಳಿಂದ ಬಚಾವಾದರು. ಆಮೇಲೆ ಅವರು ಆರೋಗ್ಯ ಸಚಿವರಾದರು! ಮುಂದಿನ ವರ್ಷ ಜುಲೈಯಲ್ಲಿ ಪ್ಯಾಲೆಸ್ಟೀನ್‌ಗೆ ಮಾನ್ಯತೆ ಕೊಡಿ ಎಂಬ ಪತ್ರಕ್ಕೆ 220ಕ್ಕೂ ಹೆಚ್ಚು ಸಂಸದರ ಸಹಿ ಬಿತ್ತು. ಸೆಪ್ಟೆಂಬರ್ 21ರಂದು ಮಾನ್ಯತೆ ಬಂತು.

ಇದೆಲ್ಲ ಚುನಾವಣೆ ಒಂದರಿಂದಲೇ ಆಯಿತು ಅಂತ ನಾನು ಹೇಳಲ್ಲ. ಗಾಜಾದ ಹಸಿವಿನ ಚಿತ್ರಗಳಿದ್ದವು, ಫ್ರಾನ್ಸ್ ಮೊದಲೇ ಘೋಷಿಸಿತ್ತು. ಆದರೆ ಆ ಪತ್ರಕ್ಕೆ ಸಹಿ ಹಾಕಿದ ಎಷ್ಟೋ ಸಂಸದರ ತಲೆಯಲ್ಲಿ 528 ಎಂಬ ಸಂಖ್ಯೆ ಓಡಿರಲೇಬೇಕು. ಇನ್ನೊಂದು ಮಾತು. ಮಾನ್ಯತೆ ಎಂಬುದು ಸರ್ಕಾರಗಳಿಗೆ ಅಗ್ಗದ ನಿರ್ಧಾರ. ಒಂದು ಪೈಸೆ ಖರ್ಚಿಲ್ಲ, ಒಂದು ಬಾಂಬಿನ ಭಾಗವೂ ನಿಲ್ಲಲ್ಲ. ಅದನ್ನು ಪಡೆದು ಸುಮ್ನಾಗಬೇಡಿ.

ಬ್ರಿಟನ್‌ನಲ್ಲಿರುವ ಕನ್ನಡಿಗರಿಗೆ ಇಲ್ಲೊಂದು ವಿಷಯ, ತುಂಬ ಜನಕ್ಕೆ ಗೊತ್ತೇ ಇಲ್ಲ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ನೀವು ಅಲ್ಲಿನ ಸಂಸತ್ ಚುನಾವಣೆಯಲ್ಲಿ ಮತ ಹಾಕಬಹುದು. ಕಾಮನ್‌ವೆಲ್ತ್ ದೇಶದ ಪ್ರಜೆ, ಅಲ್ಲಿರಲು ವೀಸಾ ಇದೆ ಅಂದರೆ ಆಯಿತು. ಮತದಾರರ ಪಟ್ಟಿಯಲ್ಲಿ ಹೆಸರು ಸೇರಿಸಿಕೊಳ್ಳಬೇಕು ಅಷ್ಟೇ. ಐರ್ಲೆಂಡ್‌ನಲ್ಲಿ ಭಾರತೀಯ ಪ್ರಜೆಗಳಿಗೆ ಸ್ಥಳೀಯ ಸಂಸ್ಥೆಗಳ ಚುನಾವಣೆಯಲ್ಲಿ ಮತ ಇದೆ, ಸಂಸತ್ತಿಗೆ ಇಲ್ಲ. ಅಮೆರಿಕದಲ್ಲಿ ಪೌರತ್ವ ಸಿಗುವವರೆಗೂ ಮತದ ವಿಚಾರವೇ ಬೇಡ. ತಪ್ಪಿ ನೋಂದಾಯಿಸಿಕೊಂಡರೂ ವಲಸೆ ಕಡತಕ್ಕೆ ಪೆಟ್ಟು.

ಹೆಜ್ಜೆ 5: ಸಂಸದರನ್ನು ಕಾಣುವುದು, ಬರೆಯುವುದು

ಒಂದೇ ಒಕ್ಕಣೆಯ ಸಾವಿರ ಇಮೇಲ್ ಬಂದರೆ ಕಚೇರಿಯವರು ಅದನ್ನು ಒಂದು ಗುಂಪಾಗಿ ಎಣಿಸಿ ಒಂದೇ ಸಿದ್ಧ ಉತ್ತರ ಕಳಿಸುತ್ತಾರೆ. ನಿಮ್ಮದೇ ಮಾತಿನಲ್ಲಿ ಬರೆದ ಹತ್ತು ಪತ್ರ ಅದಕ್ಕಿಂತ ಮೇಲು. ವಿಳಾಸ, ಪಿನ್‌ಕೋಡ್ ಮೊದಲ ಸಾಲಲ್ಲೇ ಇರಲಿ. ಬ್ರಿಟನ್ ಸಂಸದರು ಸಾಮಾನ್ಯವಾಗಿ ಬೇರೆ ಕ್ಷೇತ್ರದವರ ಪತ್ರಕ್ಕೆ ಉತ್ತರಿಸುವುದಿಲ್ಲ. ಪತ್ರದ ಧಾಟಿ ಹೀಗಿರಲಿ:

"ಮಾನ್ಯರೇ, ನಾನು ನಿಮ್ಮ ಕ್ಷೇತ್ರದ ಈ ಬೀದಿಯಲ್ಲಿ ಆರು ವರ್ಷದಿಂದ ಇದ್ದೇನೆ. ಇಲ್ಲಿನ ಆಸ್ಪತ್ರೆಯಲ್ಲಿ ಕೆಲಸ. ಇಸ್ರೇಲ್‌ಗೆ ಹೋಗುವ ಎಫ್-35 ಬಿಡಿಭಾಗಗಳಿಗೆ ಕೊಟ್ಟಿರುವ ವಿನಾಯಿತಿ ಬಗ್ಗೆ ಬರೆಯುತ್ತಿದ್ದೇನೆ. ಸ್ಪಷ್ಟ ಅಪಾಯ ಇದೆ ಅಂತ 2024ರ ಸೆಪ್ಟೆಂಬರ್‌ನಲ್ಲಿ ಸರ್ಕಾರವೇ ಒಪ್ಪಿದೆ. ಹಾಗಿದ್ದೂ ಈ ವಿನಾಯಿತಿ ಯಾಕೆ? ಎರಡು ಕೇಳಿಕೆ. ವಾಣಿಜ್ಯ ಸಚಿವರಿಗೆ ಈ ಪ್ರಶ್ನೆಯನ್ನು ಲಿಖಿತವಾಗಿ ಕೇಳುತ್ತೀರಾ? ವಿನಾಯಿತಿ ತೆಗೆಯುವ ಪ್ರಸ್ತಾಪ ಬಂದರೆ ನಿಮ್ಮ ಮತ ಯಾವ ಕಡೆ? ಮುಂದಿನ ವಾರ ನೀವು ಕ್ಷೇತ್ರಕ್ಕೆ ಬಂದಾಗ ನಾಲ್ಕು ಜನ ನೆರೆಹೊರೆಯವರ ಜೊತೆ ಬಂದು ಕಾಣಬಹುದೇ?"

ಅಷ್ಟು ಸಾಕು. ಇತಿಹಾಸ ಬೇಡ, ಇಸ್ರೇಲ್ ಹುಟ್ಟಿದ 1948ರ ಕಥೆ ಬೇಡ, ಬೈಗುಳ ಖಂಡಿತ ಬೇಡ. ಕೊನೆಯಲ್ಲಿ ಹೌದು ಅಥವಾ ಇಲ್ಲ ಅನ್ನಬೇಕಾದ ಪ್ರಶ್ನೆ ಇರಲಿ.

ಭೇಟಿಗೆ ಹೋಗುವಾಗ ಐದು ಜನ ಮೀರಬೇಡಿ. ಒಬ್ಬ ವೈದ್ಯೆ, ಒಬ್ಬ ಅಂಗಡಿಯವ, ಒಬ್ಬ ಪಾದ್ರಿಯೋ ಇಮಾಮರೋ, ಆ ಸಂಸದರ ಪಕ್ಷಕ್ಕೇ ದುಡಿದ ಒಬ್ಬ ಕಾರ್ಯಕರ್ತ. ಈ ಕೊನೆಯವರು ಸಿಕ್ಕಿದರೆ ಬಿಡಬೇಡಿ. ಮಾತು ಒಬ್ಬರೇ ನಡೆಸಲಿ, ಇನ್ನೊಬ್ಬರು ಬರೆದುಕೊಳ್ಳಲಿ. ಹೊರಬಂದ ದಿನವೇ "ನೀವು ಹೀಗೆ ಹೇಳಿದಿರಿ" ಅಂತ ಇಮೇಲ್ ಹಾಕಿ. ಮಾತು ಆಗ ದಾಖಲೆಯಾಗುತ್ತದೆ.

ಅಮೆರಿಕದಲ್ಲಾದರೆ ಫೋನ್ ಇನ್ನೂ ಕೆಲಸ ಮಾಡುತ್ತದೆ. ಕ್ಯಾಪಿಟಲ್‌ನ ಸ್ವಿಚ್‌ಬೋರ್ಡ್ 202-224-3121. ಪರ ಎಷ್ಟು, ವಿರುದ್ಧ ಎಷ್ಟು ಅಂತ ಸಿಬ್ಬಂದಿ ಗುರುತು ಹಾಕಿಕೊಳ್ಳುತ್ತಾರೆ. ಭೇಟಿ ಕೇಳುವಾಗ ಸೆನೆಟರನ್ನೇ ಕಾಣಬೇಕು ಅಂತ ಹಟ ಬೇಡ. ವಿದೇಶಾಂಗ ವಿಷಯ ನೋಡುವ ಸಹಾಯಕರು ಸಿಕ್ಕಿದರೆ ಸಾಕು. ಮತ ಹಾಕುವ ಮುಂಚೆ ಟಿಪ್ಪಣಿ ಬರೆಯುವುದು ಅವರೇ.

ಹೆಜ್ಜೆ 6: ಮಾತಿನಲ್ಲಿ ಎಡವಬೇಡಿ

2023ರ ಅಕ್ಟೋಬರ್ 7ರಂದು ಹಮಾಸ್ ದಾಳಿಯಲ್ಲಿ ಸುಮಾರು 1,200 ಜನ ಸತ್ತರು, 251 ಜನರನ್ನು ಒತ್ತೆಯಾಳಾಗಿ ಎಳೆದೊಯ್ದರು. ಅದು ಅಪರಾಧ ಅಂತ ಕೇಳಿದ ತಕ್ಷಣ, ತಡವರಿಸದೆ ಹೇಳಿ. ಗಾಜಾದಲ್ಲಿ ಸತ್ತ ಹತ್ತಾರು ಸಾವಿರ ಜನರ ಬಗ್ಗೆ ಮಾತಾಡುವ ಹಕ್ಕು ಇದರಿಂದ ಕಮ್ಮಿಯಾಗಲ್ಲ. ಯಹೂದಿಗಳು ಬೇರೆ, ಇಸ್ರೇಲ್ ಸರ್ಕಾರ ಬೇರೆ. ಈ ಗೆರೆ ದಾಟುವ ಪೋಸ್ಟರ್ ನಿಮ್ಮ ಮೆರವಣಿಗೆಯಲ್ಲಿ ಕಂಡರೆ ನೀವೇ ಇಳಿಸಿ. ಅಮೆರಿಕದಲ್ಲಿ ಕದನ ವಿರಾಮ ಕೇಳಿ ಮೊದಲ ದಿನಗಳಲ್ಲೇ ಬಂಧನಕ್ಕೊಳಗಾದವರಲ್ಲಿ ಯಹೂದಿ ಸಂಘಟನೆಗಳವರೇ ನೂರಾರು ಮಂದಿ ಇದ್ದರು.

ನಮ್ಮ ಕನ್ನಡ ಕೂಟಗಳ ವಾಟ್ಸಾಪ್ ಗುಂಪಿನಲ್ಲಿ ಈ ವಿಷಯ ಹಾಕಿದರೆ ಐದು ನಿಮಿಷದಲ್ಲಿ ಹಿಂದೂ–ಮುಸ್ಲಿಂ ಜಗಳ ಶುರು. ಅಲ್ಲಿ ವಾದ ಗೆಲ್ಲುವ ಚಟ ಬಿಡಿ. ಆಸಕ್ತಿ ಇರುವ ಮೂವರನ್ನು ಬೇರೆ ಕರೆದು ಕಾಫಿ ಕುಡಿಸಿ, ಕೆಲಸ ಹಂಚಿ.

ಹೆಜ್ಜೆ 7: ಕೆಲಸದ ಜಾಗ, ಪಿಂಚಣಿ ಹಣ

ಸರ್ಕಾರ ಕದಲದಿದ್ದಾಗ ಪಕ್ಕದ ಬಾಗಿಲು ತಟ್ಟಬಹುದು. 2025ರ ಜೂನ್‌ನಲ್ಲಿ ಫ್ರಾನ್ಸಿನ ಫೋಸ್ ಬಂದರಿನ ಕಾರ್ಮಿಕರು ಇಸ್ರೇಲ್‌ಗೆ ಹೊರಟಿದ್ದ ಮೆಷಿನ್‌ಗನ್ ಬಿಡಿಭಾಗಗಳ ಪೆಟ್ಟಿಗೆ ತುಂಬಲ್ಲ ಅಂದರು. ಬ್ರಿಟನ್‌ನಲ್ಲಿ ನಗರಸಭೆ ನೌಕರರ ಪಿಂಚಣಿ ನಿಧಿಯನ್ನು ಎಲ್ಲಿ ಹೂಡಬೇಕು ಎಂಬ ಪ್ರಶ್ನೆಯನ್ನು ಸದಸ್ಯರೇ ಕೇಳಬಹುದು. ಬೇರೆ ದೇಶವೊಂದನ್ನು ವಿರೋಧಿಸಿ ಹೀಗೆ ಹೂಡಿದ ಹಣ ಹಿಂತೆಗೆಯುವುದನ್ನು ತಡೆಯಲು ಸರ್ಕಾರ ಹಾಕಿದ್ದ ಸೂಚನೆ ಕಾನೂನುಬಾಹಿರ ಅಂತ 2020ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತ್ತು.

ನಾರ್ವೆಯ ಕಥೆ ನೋಡಿ. ತೈಲದ ಆದಾಯ ಕೂಡಿಟ್ಟು ಹೂಡುವ ಅದರ ತೈಲ ನಿಧಿ, ದೇಶಗಳ ಇಂಥ ನಿಧಿಗಳಲ್ಲಿ ಜಗತ್ತಿನಲ್ಲೇ ದೊಡ್ಡದು. 2025ರ ಆಗಸ್ಟ್‌ನಲ್ಲಿ ಆಫ್ಟನ್‌ಪೋಸ್ಟನ್ ಪತ್ರಿಕೆ, ಇಸ್ರೇಲ್ ಯುದ್ಧವಿಮಾನಗಳ ಎಂಜಿನ್ ನೋಡಿಕೊಳ್ಳುವ ಕಂಪನಿಯೊಂದರಲ್ಲಿ ನಿಧಿಯ ಪಾಲಿದೆ ಎಂದು ಬರೆಯಿತು. ಚುನಾವಣೆ ಹತ್ತಿರ ಇತ್ತು. ಕೆಲವೇ ದಿನದಲ್ಲಿ ಹಣಕಾಸು ಸಚಿವರು ಪರಿಶೀಲನೆಗೆ ಆದೇಶಿಸಿದರು. ನಿಧಿ 11 ಇಸ್ರೇಲಿ ಕಂಪನಿಗಳ ಷೇರು ಮಾರಿತು. ತಿಂಗಳ ಕೊನೆಗೆ ಕ್ಯಾಟರ್‌ಪಿಲ್ಲರ್ ಮತ್ತು ಐದು ಇಸ್ರೇಲಿ ಬ್ಯಾಂಕುಗಳಿಂದಲೂ ಹೊರಬಂತು. ಒಂದು ಖಚಿತ ವರದಿ, ಒಂದು ಕಂಪನಿಯ ಹೆಸರು, ಎದುರಿಗೆ ಚುನಾವಣೆ. ಈ ಮೂರು ಕೂಡಿದರೆ ವರ್ಷದ ಕೆಲಸ ವಾರದಲ್ಲಿ ಆಗುತ್ತದೆ.

ಹೆಜ್ಜೆ 8: ಅಮೆರಿಕ, ಎಲ್ಲಕ್ಕಿಂತ ಗಟ್ಟಿ ಬಾಗಿಲು

2016ರ ಒಪ್ಪಂದದ ಪ್ರಕಾರ ಅಮೆರಿಕ ಇಸ್ರೇಲ್‌ಗೆ ಹತ್ತು ವರ್ಷದಲ್ಲಿ 3,800 ಕೋಟಿ ಡಾಲರ್ ಸೇನಾ ನೆರವು ಕೊಡುತ್ತಿದೆ. ಉಳಿದ ದೇಶಗಳು ಏನೇ ಮಾಡಿದರೂ ಇದರ ಮುಂದೆ ಚಿಲ್ಲರೆ.

2024ರ ಫೆಬ್ರುವರಿಯಲ್ಲಿ ಮಿಷಿಗನ್ ಪ್ರಾಥಮಿಕ ಚುನಾವಣೆಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಮತದಾನದಲ್ಲಿ, ಒಂದು ಲಕ್ಷಕ್ಕೂ ಹೆಚ್ಚು ಡೆಮಾಕ್ರಟಿಕ್ ಮತದಾರರು ಗಾಜಾ ನೀತಿ ವಿರೋಧಿಸಿ ಬೈಡನ್ ಬದಲು "ಯಾರಿಗೂ ಬದ್ಧರಲ್ಲ" ಎಂಬ ಗೆರೆಗೆ ಗುರುತು ಹಾಕಿದರು. ಎಷ್ಟು ಚೆನ್ನಾಗಿ ಸಂಘಟಿಸಿದ್ದರು! ಮೇ ತಿಂಗಳಲ್ಲಿ ಬೈಡನ್ ಇಸ್ರೇಲ್‌ಗೆ ಹೋಗಬೇಕಿದ್ದ ಭಾರೀ ಬಾಂಬುಗಳ ಒಂದು ರವಾನೆಯನ್ನು ತಡೆಹಿಡಿದರು. ಅದಕ್ಕಿಂತ ಮುಂದೆ ಹೋಗಲಿಲ್ಲ. ಆಗಸ್ಟ್‌ನ ಪಕ್ಷದ ಸಮಾವೇಶದಲ್ಲಿ ಒಬ್ಬ ಪ್ಯಾಲೆಸ್ಟೀನ್ ಮೂಲದವರಿಗೆ ವೇದಿಕೆಯಲ್ಲಿ ಮಾತಾಡಲು ಅವಕಾಶ ಕೇಳಿದರು, ಅದೂ ಸಿಗಲಿಲ್ಲ. ನನ್ನ ಅಂದಾಜು ಹೇಳಬೇಕೆಂದರೆ, ಅವರಿಗೆ ಬೀದಿಯ ಬಲ ಇತ್ತು, ಪಕ್ಷದೊಳಗೆ ಅವರಿಗಾಗಿ ಕುರ್ಚಿ ಬಿಡಲು ತಯಾರಿದ್ದವರು ಸಾಲದಾದರು. ಎದುರು ಕಡೆ ಹಣ ಹೊಳೆಯಾಗಿ ಹರಿಯಿತು. ಅದೇ ಬೇಸಿಗೆ, ಇಸ್ರೇಲ್ ನೀತಿ ಟೀಕಿಸುತ್ತಿದ್ದ ಕಾಂಗ್ರೆಸ್ ಸದಸ್ಯ ಜಮಾಲ್ ಬೋಮನ್ ಅವರನ್ನು ಪ್ರಾಥಮಿಕದಲ್ಲಿ ಸೋಲಿಸಲು, ಇಸ್ರೇಲ್ ಪರ ಲಾಬಿ ಸಂಸ್ಥೆ ಐಪ್ಯಾಕ್ ಜೊತೆಗಿನ ಗುಂಪೊಂದು 1.4 ಕೋಟಿ ಡಾಲರ್‌ಗೂ ಹೆಚ್ಚು ಸುರಿಯಿತು.

ಆದರೂ ಸೆನೆಟ್ ಲೆಕ್ಕ ನೋಡಿ. ಸ್ಯಾಂಡರ್ಸ್ ತಂದ ನಿರ್ಣಯಗಳಿಗೆ 2024ರ ಜನವರಿಯಲ್ಲಿ 11 ಮತ. ಅದೇ ವರ್ಷ ನವೆಂಬರ್‌ನಲ್ಲಿ ಹೆಚ್ಚೆಂದರೆ 19. 2025ರ ಏಪ್ರಿಲ್‌ನಲ್ಲಿ 15ಕ್ಕೆ ಇಳಿಯಿತು. ಜುಲೈಯಲ್ಲಿ 27, ಅಂದರೆ ಡೆಮಾಕ್ರಟಿಕ್ ಸೆನೆಟರ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ. ಹಣದ ಹೆದರಿಕೆ ಕಡಿಮೆಯಾಗುವುದು ಒಬ್ಬರು ಬಹಿರಂಗವಾಗಿ ಮಾತಾಡಿ ಗೆದ್ದಾಗ. ಜೊಹ್ರಾನ್ ಮಮ್ದಾನಿ 2025ರಲ್ಲಿ ನ್ಯೂಯಾರ್ಕ್ ಮೇಯರ್ ಚುನಾವಣೆ ಗೆದ್ದದ್ದು ಬಾಡಿಗೆ, ಬಸ್ಸಿನ ಮಾತಾಡಿ. ಆದರೆ ಪ್ಯಾಲೆಸ್ಟೀನ್ ನಿಲುವನ್ನು ಮುಚ್ಚಿಡದೆ ಗೆದ್ದರು. ಅದನ್ನು ವಾಷಿಂಗ್ಟನ್‌ನವರು ಗಮನಿಸಿದ್ದಾರೆ.

ಹಾಗಾಗಿ ಇಲ್ಲಿ ಕೆಲಸ ಪ್ರಾಥಮಿಕ ಚುನಾವಣೆಯಲ್ಲಿ. ಮತದಾನ ಕಡಿಮೆ ಇರುತ್ತದೆ, ಮನೆ ಮನೆಗೆ ಹೋಗುವ ಇನ್ನೂರು ಜನ ಫಲಿತಾಂಶ ಬದಲಿಸಬಲ್ಲರು. ಚುನಾವಣೆಗೆ ಹಣ ಕೊಡುವುದಾದರೆ ಪೌರರು ಮತ್ತು ಗ್ರೀನ್‌ಕಾರ್ಡ್ ಇರುವವರು ಮಾತ್ರ ಕೊಡಬಹುದು. ಎಚ್-1ಬಿಯಲ್ಲಿ ಇರುವವರು ಒಂದು ಡಾಲರ್ ಕೊಟ್ಟರೂ ಕಾನೂನುಬಾಹಿರ.

ಭಾರತದಲ್ಲಿ ಕೂತು ಏನು ಮಾಡಬಹುದು?

1947ರಲ್ಲಿ ಪ್ಯಾಲೆಸ್ಟೀನ್ ವಿಭಜಿಸುವ ವಿಶ್ವಸಂಸ್ಥೆಯ ಯೋಜನೆಗೆ ಭಾರತ ವಿರುದ್ಧ ಮತ ಹಾಕಿತು. 1988ರಲ್ಲಿ ಪ್ಯಾಲೆಸ್ಟೀನ್‌ಗೆ ಮಾನ್ಯತೆ ಕೊಟ್ಟಿತು. ಬ್ರಿಟನ್‌ಗಿಂತ 37 ವರ್ಷ ಮೊದಲು. ಈಗ ವಿಶ್ವಸಂಸ್ಥೆಯಲ್ಲಿ ನಮ್ಮ ಮತ ತೂಗುಯ್ಯಾಲೆ. ಕದನ ವಿರಾಮದ ನಿರ್ಣಯಕ್ಕೆ 2023ರ ಅಕ್ಟೋಬರ್‌ನಲ್ಲಿ ತಟಸ್ಥ, ಡಿಸೆಂಬರ್‌ನಲ್ಲಿ ಪರ, 2025ರ ಜೂನ್‌ನಲ್ಲಿ ಮತ್ತೆ ತಟಸ್ಥ. ಸೆಪ್ಟೆಂಬರ್‌ನಲ್ಲಿ ಎರಡು ರಾಷ್ಟ್ರಗಳ ಪರಿಹಾರದ ಘೋಷಣೆಗೆ ಪರ. ಇದರಲ್ಲಿ ನಮ್ಮ ಬೀದಿ ಪ್ರತಿಭಟನೆಯ ಪಾಲು ಅಷ್ಟೇನಿಲ್ಲ, ಸುಳ್ಳು ಸಮಾಧಾನ ಬೇಡ.

ಆದರೆ ಸರ್ಕಾರದಿಂದ ಬರಹದಲ್ಲಿ ಉತ್ತರ ತೆಗೆಸುವ ದಾರಿ ಇದೆ. ಕರ್ನಾಟಕಕ್ಕೆ 28 ಲೋಕಸಭಾ ಸದಸ್ಯರು, 12 ರಾಜ್ಯಸಭಾ ಸದಸ್ಯರು. ಪ್ರಶ್ನೆ ಕೇಳಲು ಕನಿಷ್ಠ 15 ದಿನ ಮೊದಲು ನೋಟಿಸ್ ಕೊಡಬೇಕು. ಹಾಗಾಗಿ ಅಧಿವೇಶನದ ದಿನಾಂಕ ಬಂದ ಕೂಡಲೇ ಪ್ರಶ್ನೆಯನ್ನು ನೀವೇ ಬರೆದು ಸಂಸದರ ಆಪ್ತ ಕಾರ್ಯದರ್ಶಿ ಕೈಗೆ ಕೊಡಿ. "ಸರ್ಕಾರದ ನಿಲುವೇನು?" ಅಂತ ಕೇಳಿದರೆ ಎರಡು ಸಾಲಿನ ಹಳೇ ಉತ್ತರ ಬರುತ್ತದೆ. "2025ರ ಜೂನ್ ನಿರ್ಣಯಕ್ಕೆ ತಟಸ್ಥವಾಗಿ ಉಳಿದ ಕಾರಣವೇನು, ಡಿಸೆಂಬರ್ 2023ರ ಮತಕ್ಕೂ ಇದಕ್ಕೂ ಏನು ವ್ಯತ್ಯಾಸ, ಪ್ಯಾಲೆಸ್ಟೀನ್ ನಿರಾಶ್ರಿತರ ಸಂಸ್ಥೆಗೆ ಕಳೆದ ಮೂರು ವರ್ಷ ಕೊಟ್ಟ ಹಣ ವರ್ಷವಾರು ಎಷ್ಟು?" ಅಂತ ಕೇಳಿ. ಮಾಹಿತಿ ಹಕ್ಕಿನಡಿ ವಿದೇಶಾಂಗ ಕಡತ ಸಿಗುವುದು ಕಷ್ಟ, ಇಂಥ ಮಾಹಿತಿಗೆ ವಿನಾಯಿತಿ ಕೊಡುವ ಕಲಂ 8 ಅಡ್ಡ ಬರುತ್ತದೆ. ಖರ್ಚಿನ ಅಂಕಿ ಮಾತ್ರ ಕೇಳಿದರೆ ಸಿಗಬಹುದು.

ಬೆಂಗಳೂರಲ್ಲಿ ಪ್ರತಿಭಟನೆ ಮಾಡಬೇಕೆಂದರೆ ಜಾಗ ಫ್ರೀಡಂ ಪಾರ್ಕ್ ಒಂದೇ, ಪೊಲೀಸರ ಅನುಮತಿ ಪಡೆದು. ಬೇರೆಡೆ ನಿಂತರೆ ಕೇಸು ಗ್ಯಾರಂಟಿ.

ಕಾನೂನಿನ ಎಚ್ಚರ

ಅಮೆರಿಕದಲ್ಲಿ ವಿದ್ಯಾರ್ಥಿ ಅಥವಾ ಕೆಲಸದ ವೀಸಾದಲ್ಲಿದ್ದರೆ ಮೊದಲು ವಲಸೆ ವಕೀಲರನ್ನು ಕೇಳಿ. 2025ರ ಮಾರ್ಚ್‌ನಲ್ಲಿ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಭಾರತೀಯ ಸಂಶೋಧಕರೊಬ್ಬರನ್ನು ಹಿಡಿದು ಬಂಧನದಲ್ಲಿಟ್ಟರು, ಕೋರ್ಟ್ ಆದೇಶದ ಮೇಲೆ ಮೇನಲ್ಲಿ ಬಿಡುಗಡೆ ಆಯಿತು. ಎಲ್ಲರೂ ಮುಂದಿನ ಸಾಲಲ್ಲಿ ನಿಲ್ಲಬೇಕಿಲ್ಲ. ಮತದಾರರ ಪಟ್ಟಿ ತಿದ್ದುವುದು, ಪತ್ರ ಬರೆಯುವುದು, ಅಂಕಿ ಹುಡುಕುವುದೂ ಕೆಲಸವೇ. ಬ್ರಿಟನ್‌ನಲ್ಲಿ ಪ್ಯಾಲೆಸ್ಟೀನ್ ಆ್ಯಕ್ಷನ್ ಗುಂಪನ್ನು 2025ರ ಜುಲೈಯಲ್ಲಿ ಭಯೋತ್ಪಾದನಾ ಕಾಯ್ದೆಯಡಿ ನಿಷೇಧಿಸಿದರು. ಆ ಗುಂಪಿಗೆ ಬೆಂಬಲ ಅಂತ ಬರೆದ ಬೋರ್ಡ್ ಹಿಡಿದು ಬರೀ ಕೂತಿದ್ದ ನೂರಾರು ಜನರ ಬಂಧನವಾಯಿತು. ವಿಷಯ ಕೋರ್ಟ್ ಮೆಟ್ಟಿಲೇರಿದೆ, ಇವತ್ತಿನ ಸ್ಥಿತಿ ನೋಡಿಕೊಂಡೇ ಹೆಜ್ಜೆ ಇಡಿ.

ಗೆದ್ದ ಮೇಲೆ ಕಾವಲು

ಗೆದ್ದದ್ದು ಉಳಿಯಲ್ಲ, ಉಳಿಸಿಕೊಳ್ಳಬೇಕು. ಜರ್ಮನಿ 2025ರ ಆಗಸ್ಟ್‌ನಲ್ಲಿ ಗಾಜಾದಲ್ಲಿ ಬಳಸಬಹುದಾದ ಆಯುಧಗಳ ರಫ್ತು ನಿಲ್ಲಿಸಿತು. ಅಕ್ಟೋಬರ್‌ನಲ್ಲಿ ಕದನ ವಿರಾಮ ಬಂತು, ಕ್ಯಾಮೆರಾಗಳು ಬೇರೆ ಕಡೆ ತಿರುಗಿದವು, ನವೆಂಬರ್‌ನಲ್ಲಿ ಆ ತಡೆ ಎದ್ದಿತು. ಅದೇ ನವೆಂಬರ್‌ನಲ್ಲಿ ನಾರ್ವೆ ಸಂಸತ್ತು ನಿಯಮಗಳನ್ನು ಪರಿಶೀಲಿಸಬೇಕೆಂದು ತೈಲ ನಿಧಿ ನೈತಿಕ ಕಾರಣಕ್ಕೆ ಹಣ ಹಿಂತೆಗೆಯುವುದನ್ನೇ ತಡೆಹಿಡಿಯಿತು. ಅಮೆರಿಕದಲ್ಲಿ ಬೈಡನ್ ತಡೆದ ಬಾಂಬುಗಳನ್ನು ಟ್ರಂಪ್ 2025ರ ಜನವರಿಯಲ್ಲಿ ಬಿಟ್ಟರು.

ಆದ್ದರಿಂದ ಪ್ರತಿ ನಿರ್ಧಾರಕ್ಕೂ ಒಬ್ಬರನ್ನು ಕಾವಲಿಗೆ ಹಾಕಿ. ಮೂರು ತಿಂಗಳಿಗೊಮ್ಮೆ ಬರುವ ರಫ್ತು ಪರವಾನಗಿ ಪಟ್ಟಿ ಓದುವುದು, ಸಂಸದರ ಹಳೇ ಇಮೇಲ್ ತೆಗೆದು ಮತ್ತೆ ಕೇಳುವುದು, ಅಷ್ಟೇ ಅವರ ಕೆಲಸ. ಬೇಸರದ್ದು, ಆದರೆ ಎದುರು ಕಡೆಯವರು ಸಂಬಳ ಕೊಟ್ಟು ಇದನ್ನೇ ಮಾಡಿಸುತ್ತಾರೆ.

ಮುಂದಿನ ದೊಡ್ಡ ಕಾಗದ ಯಾವುದು ಅನ್ನುವುದೂ ಗೊತ್ತಿದೆ. ಅಮೆರಿಕ–ಇಸ್ರೇಲ್ ನೆರವಿನ ಈಗಿನ ಒಪ್ಪಂದ 2028ಕ್ಕೆ ಮುಗಿಯುತ್ತದೆ. ಅದರ ಜಾಗಕ್ಕೆ ಏನು ಬರಬೇಕು ಎಂಬುದರಲ್ಲಿ 2026ರ ನವೆಂಬರ್‌ನಲ್ಲಿ ಆಯ್ಕೆಯಾಗುವ ಕಾಂಗ್ರೆಸ್‌ಗೆ ಪಾಲಿದೆ. ಅಭ್ಯರ್ಥಿ ನಿಮ್ಮ ಊರಿನ ಸಭೆಗೆ ಬಂದಾಗ ಮೈಕ್ ಹಿಡಿದು ಕೇಳಿ: "ಮುಂದಿನ ಒಪ್ಪಂದದ ಹಣಕ್ಕೆ, ನಮ್ಮ ದೇಶದ ಕಾನೂನನ್ನು ಬೇರೆ ದೇಶಗಳಿಗೆ ಹಾಕುವಷ್ಟೇ ಇಸ್ರೇಲ್‌ಗೂ ಹಾಕುತ್ತೀರಾ?" ಉತ್ತರವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ.